ಖಾಲಿ ಡಬ್ಬಿಯ ಎತ್ತರ

ಎರಡು ಬೆರಳು. ಎಂಟು ದಿನಗಳಿಂದ ಅವಳ ತಲೆಯೊಳಗೆ ಬಂದು ಕೂತು, ಏಳು ಎಂದರೂ ಏಳದೆ ಇದ್ದದ್ದು ಇಷ್ಟೇ. ಮಗಳ ಹಾಲು ಆರಿಸುವಾಗ ಎರಡು ಬೆರಳು, ಬಟ್ಟೆ ಹಿಂಡುವಾಗ ಎರಡು ಬೆರಳು, ಬಾಗಿಲಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋದವಳು ಮತ್ತೆ ಬಂದು ಬೀಗ ಜಗ್ಗಿ ನೋಡುವಾಗಲೂ ಎರಡು ಬೆರಳು. ರೈಲು ಸೇತುವೆಯ ಕಬ್ಬಿಣದ ತೊಲೆಯ ಕೆಳಗೆ ಗಂಡನ ಟ್ರೇಲರ್ ನುಸುಳಲು ಬೇಕಾದ ಎತ್ತರಕ್ಕೆ ಎರಡು ಬೆರಳಿನಷ್ಟು ಕಡಿಮೆ ಬಿದ್ದಿದೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದ ಇನ್ನೊಬ್ಬರು ಬಾಯಿ ಹೊಲಿದುಕೊಂಡಿದ್ದರು. ಗೊತ್ತಿರಬೇಕಾಗಿದ್ದವರು ಹೊಸ ಕೋಟು ಹೊಲಿಸುತ್ತಿದ್ದರು.

ಚಿಂತೆ ಅವಳಿಗೆ ಹೊಸದೇನಲ್ಲ. ಮನೆಯವರನ್ನು ಕೇಳಿದರೆ ಅವಳ ಮುಖ್ಯ ಕಸುಬೇ ಚಿಂತೆ, ಯಾರ್ಡಿನ ಗುಮಾಸ್ತಗಿರಿ ಬಿಡುವಿನ ವೇಳೆಯದು. ಮಗಳು ಎರಡು ಸಲ ಸೀನಿದರೆ ಥರ್ಮಾಮೀಟರು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು. ಹೋದ ತಿಂಗಳು ಮಗಳ ಅಂಗಿಯ ಗುಂಡಿಯೊಂದು ಕಾಣಲಿಲ್ಲವೆಂದು, ನುಂಗಿಯೇಬಿಟ್ಟಿದ್ದಾಳೆ ಎಂದು ಹುಯಿಲೆಬ್ಬಿಸಿ, ಗಂಡನನ್ನು ಬನಿಯನ್ನಿನಲ್ಲೇ ಆಸ್ಪತ್ರೆಗೆ ಓಡಿಸಿ, ಎಕ್ಸ್‌ರೇ ತೆಗೆಸಿಕೊಂಡು ಮನೆಗೆ ಬಂದರೆ ಗುಂಡಿ ಮಂಚದ ಕಾಲಿನ ಬಳಿ ತಣ್ಣಗೆ ಮಲಗಿತ್ತು. ಅಂದಿನಿಂದ ಗಂಡನ ಅಣ್ಣ ಅವಳಿಗೆ 'ಸೈರನ್' ಎಂದು ಹೆಸರಿಟ್ಟ. ಅವಳು ಬಾಯಿ ತೆರೆಯುವ ಮೊದಲೇ ಭಾವ ಕಿವಿ ಮುಚ್ಚಿಕೊಂಡು ನಗುತ್ತಿದ್ದ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಗಂಡ ನಗಬಾರದೆಂದು ಚಾವಣಿ ನೋಡುತ್ತಿದ್ದ. ಮೂವರಲ್ಲಿ ಅವಳಿಗೆ ಹೆಚ್ಚು ಸಿಟ್ಟು ಬರುತ್ತಿದ್ದುದು ಚಾವಣಿಯ ಮೇಲೆ.

ಸಮುದ್ರದಿಂದ ನೂರಾ ಹತ್ತು ಕಿಲೋಮೀಟರು ಒಳಗೆ, ಒಂದು ಹನಿ ಉಪ್ಪುನೀರು ಕಾಣದ ಬಯಲಿನಲ್ಲಿ, ಕಂಟೇನರುಗಳನ್ನು ಇಳಿಸಿ ಪೇರಿಸಿಡುವ ಅಂಗಳವೊಂದಿತ್ತು. ದೊಡ್ಡವರು ಅದಕ್ಕೆ 'ಒಣ ಬಂದರು' ಎಂದು ಹೆಸರಿಟ್ಟಿದ್ದರು. ಹಡಗಿಲ್ಲ, ಅಲೆಯಿಲ್ಲ, ಮೀನಿನ ವಾಸನೆಯೂ ಇಲ್ಲ, ಆದರೂ ಬಂದರು. ಡ್ರೈವರುಗಳು ಮರ್ಯಾದಸ್ಥರು, ಅದನ್ನು ಯಾರ್ಡ್ ಎಂದೇ ಕರೆಯುತ್ತಿದ್ದರು, ಕಂಟೇನರನ್ನು ಡಬ್ಬಿ ಎನ್ನುತ್ತಿದ್ದರು. ಕಡಲಬದಿಯ ನಿಜವಾದ ಬಂದರಿನಿಂದ ಡಬ್ಬಿಗಳು ತುಂಬಿಕೊಂಡು ಇಲ್ಲಿಗೆ ಬರುತ್ತಿದ್ದವು. ಇಲ್ಲಿಂದ ಕಳಿಸಲು ಒಳನಾಡಿನಲ್ಲಿ ಹೆಚ್ಚೇನೂ ಇರಲಿಲ್ಲವಾದ್ದರಿಂದ ಹತ್ತರಲ್ಲಿ ಏಳು ಡಬ್ಬಿ ಬರಿಹೊಟ್ಟೆಯಲ್ಲೇ ವಾಪಸು ಹೋಗುತ್ತಿದ್ದವು.

ಅವಳ ಕೆಲಸ ಆ ಬರಿಹೊಟ್ಟೆಗಳದ್ದು. ದೊಡ್ಡ ನಗರದಲ್ಲಿ ಓದಿ, ಮೊದಲ ದರ್ಜೆಯಲ್ಲಿ ಪಾಸಾಗಿ, ಮದುವೆಯಾಗಿ ಇಲ್ಲಿಗೆ ಬಂದವಳಿಗೆ ಭಾವ ಯಾರ್ಡಿನಲ್ಲಿ ಕೆಲಸ ಕೊಡಿಸಿದ್ದ. ಭಾವ ಅಲ್ಲಿ ಸೂಪರ್‌ವೈಸರ್. ತುಂಬಿದ ಡಬ್ಬಿಗಳ ಕಡೆ ಎಲ್ಲರಿಗೂ ಕುರ್ಚಿ ಬೇಕಿತ್ತು. ಅಲ್ಲಿ ಸೀಲು, ಕಾಗದ, ಫೋನು, ಗತ್ತು. ಖಾಲಿ ಡಬ್ಬಿಗಳ ಕಡೆ ಒಂದು ತಗಡಿನ ಕೋಣೆ, ಒಂದು ಟಾರ್ಚು, ಒಂದು ಪೊರಕೆ. ಇವಳು ಹೋಗಿ ಅಲ್ಲಿ ಕೂತಳು. ಪ್ರತಿ ಡಬ್ಬಿಯ ಒಳಗೆ ಹೋಗಬೇಕು, ನೆಲದ ಹಲಗೆಯಲ್ಲಿ ಮೊಳೆ ಎದ್ದಿದೆಯೇ ನೋಡಬೇಕು, ಮೂಗಿಟ್ಟು ಮೂಸಬೇಕು, ಕೊನೆಗೆ ಹೊರಗಿನಿಂದ ಬಾಗಿಲು ಹಾಕಿಸಿಕೊಂಡು ಕಗ್ಗತ್ತಲಲ್ಲಿ ಒಬ್ಬಳೇ ನಿಂತು, ಸೂಜಿಮೊನೆಯಷ್ಟು ಬೆಳಕು ಎಲ್ಲಾದರೂ ತೂರಿ ಬರುತ್ತಿದೆಯೇ ಎಂದು ಹುಡುಕಬೇಕು. ಬೆಳಕು ಬಂದರೆ ತೂತು, ತೂತಾದರೆ ಮಳೆನೀರು, ಮಳೆನೀರಾದರೆ ಮುಂದಿನ ಸರಕು ಹಾಳು. ಸದಾ ಎಲ್ಲಿ ಏನು ಕೆಟ್ಟಿದೆಯೋ ಎಂದು ಹುಡುಕುವ ಹೆಣ್ಣಿಗೆ ಇದಕ್ಕಿಂತ ಹೊಂದುವ ಕೆಲಸ ಪ್ರಪಂಚದಲ್ಲಿ ಇನ್ನೊಂದಿರಲಿಲ್ಲ. ಆರು ವರ್ಷದಲ್ಲಿ ಅವಳು ಪಾಸು ಮಾಡಿದ ಒಂದು ಡಬ್ಬಿಯೂ ಸೋರಿದ ದೂರು ಬಂದಿರಲಿಲ್ಲ. ಅದಕ್ಕೆ ಸಿಕ್ಕ ಬಹುಮಾನವೆಂದರೆ 'ಖಾಲಿ ಮೇಡಂ' ಎಂಬ ಬಿರುದು.

ಬಂದರಿಗೂ ಒಳನಾಡಿಗೂ ಸಂಪರ್ಕ ಸುಧಾರಿಸಬೇಕೆಂದು ಮೇಲಿನವರಿಗೆ ಒಂದು ದಿನ ಜ್ಞಾನೋದಯವಾಯಿತು. ಊರನ್ನು ಸುತ್ತಿಕೊಂಡು ಹೋಗುವ ಹಳೇ ದಾರಿಯಲ್ಲಿ ಟ್ರೇಲರುಗಳು ಎರಡೆರಡು ಗಂಟೆ ನಿಂತು ಹೊಗೆ ಕಾರುತ್ತಿದ್ದುದು ನಿಜ. ಅದಕ್ಕೆ ನಗರದಿಂದ ಒಬ್ಬ ಸಲಹೆಗಾರರನ್ನು ಕರೆಸಿದರು. ಅವರು ಸುತ್ತಿದ ನಕ್ಷೆಯನ್ನು ಕಂಕುಳಿಂದ ಕೆಳಗಿಳಿಸಿದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಯಾರ್ಡಿನಲ್ಲಿ 'ನಕ್ಷೆ ಸಾಹೇಬರು' ಎಂದೇ ಪ್ರಸಿದ್ಧರಾದರು. ಮೊದಲ ಸಭೆಯಲ್ಲಿ ಅವರು ಗೋಡೆಯ ತುಂಬ ನಕ್ಷೆ ಬಿಡಿಸಿದರು. ಸಮುದ್ರದಿಂದ ಒಳನಾಡಿಗೆ ತೊಡೆಗಾತ್ರದ ಒಂದು ನೀಲಿ ಬಾಣ. ಊರಿನ ಹೊರಗೆ, ಹಳೇ ರೈಲು ಸೇತುವೆಯ ಕೆಳಗೆ ಹಾದು, ಸೀದಾ ಹೆದ್ದಾರಿಗೆ ಸೇರುವ ಹೊಸ ಕೂಡುರಸ್ತೆ. ಎರಡು ಗಂಟೆಯ ದಾರಿ ಇಪ್ಪತ್ತು ನಿಮಿಷ. ಎಲ್ಲರೂ ಬಿಸ್ಕತ್ತು ತಿನ್ನುತ್ತ ತಲೆಯಾಡಿಸಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಅವಳು ವಾಪಸು ಹೋಗುವ ಬಾಣ ಎಲ್ಲಿದೆ ಎಂದು ಹುಡುಕಿದಳು. ಇರಲಿಲ್ಲ. ಬಂದ ಡಬ್ಬಿಗಳು ಇಲ್ಲೇ ಬೇರುಬಿಟ್ಟು ಚಿಗುರುತ್ತವೆ ಎಂದು ಸಾಹೇಬರು ತಿಳಿದಿದ್ದಿರಬೇಕು.

ರಸ್ತೆಯಾಯಿತು. ಉದ್ಘಾಟನೆಗೆ ಚೆನ್ನಾಗಿ ಕಾಣಲೆಂದು ಮೇಲೆ ಇನ್ನೆರಡು ಪದರ ಡಾಂಬರು ಬಿತ್ತು. ಸೇತುವೆಯ ಮೇಲೆ 'ಎತ್ತರ ನಾಲ್ಕೂವರೆ ಮೀಟರ್' ಎಂಬ ಫಲಕ ಮಾತ್ರ ಡಾಂಬರು ಬೀಳುವುದಕ್ಕೆ ಮೊದಲಿನದು. ರಸ್ತೆ ಮೇಲೆದ್ದಿತು, ಫಲಕ ಇದ್ದಲ್ಲೇ ಇದ್ದು ಸುಳ್ಳು ಹೇಳತೊಡಗಿತು.

ಉದ್ಘಾಟನೆಗೆ ಎಂಟು ದಿನ ಮುಂಚೆ ಭಾವನ ಮೇಲ್ವಿಚಾರಣೆಯಲ್ಲಿ ಪರೀಕ್ಷೆಯ ಓಟ ನಡೆಯಿತು. ಮಾಮೂಲಿ ಡಬ್ಬಿಗಿಂತ ಒಂದು ಅಡಿ ಎತ್ತರದ ಡಬ್ಬಿ, ಒಳಗೆ ಟೈಲ್ಸು ಭರ್ತಿ. ಅದನ್ನು ಹೊತ್ತು ಸೇತುವೆಯ ಕೆಳಗೆ ಹಾದದ್ದು ಅವಳ ಗಂಡನ ಟ್ರೇಲರೇ. ಅಂದು ಸಂಜೆ ಭಾವ ಕಾಲು ತೊಳೆಯುವುದಕ್ಕೂ ಮುಂಚೆ ಮೂರು ಬೆರಳು ಎತ್ತಿ ಹಿಡಿದು ಮನೆಯೊಳಗೆ ಬಂದ.

"ಅಮ್ಮಾ, ನೋಡಿಲ್ಲಿ! ಮೇಲೆ ಮೂರೇ ಮೂರು ಬೆರಳು ಜಾಗ. ಏಣಿ ಹಾಕಿ ನಾನೇ ಹಿಡಿದು ನೋಡಿದೆ. ನಿನ್ನ ಕಿರಿ ಮಗ ಬೆಣ್ಣೆಯಿಂದ ಕೂದಲು ಎಳೆದ ಹಾಗೆ ತೆಗೆದುಬಿಟ್ಟ!"

"ದೃಷ್ಟಿ ಆದೀತು, ಮೆಲ್ಲಗೆ ಹೇಳೋ," ಎಂದರು ಅತ್ತೆ, ಬೀದಿಗೆಲ್ಲ ಕೇಳುವಷ್ಟು ಜೋರಾಗಿ.

ಅವಳ ಕೈಯಲ್ಲಿದ್ದ ಚಮಚ ಮಗಳ ಬಾಯಿಯ ಹತ್ತಿರವೇ ನಿಂತಿತು. "ಭಾವ, ಅದು ತುಂಬಿದ ಡಬ್ಬಿ ಅಲ್ವಾ? ಖಾಲಿದನ್ನ ಕಳಿಸಿ ನೋಡಿದ್ರಾ?"

ಭಾವ ಕಿವಿ ಮುಚ್ಚಿಕೊಂಡ. "ಶುರುವಾಯ್ತು ಸೈರನ್ನು! ತುಂಬಿದ್ದೇ ಹೋದ ಮೇಲೆ ಖಾಲಿದಕ್ಕೇನಮ್ಮಾ ರೋಗ?"

ರೋಗ ಏನೆಂದು ಅವಳಿಗೆ ಗೊತ್ತಿತ್ತು. ಭಾರ ಹೊತ್ತ ಟ್ರೇಲರು ತನ್ನ ಸ್ಪ್ರಿಂಗ್ ಪಟ್ಟೆಗಳ ಮೇಲೆ ಕುಗ್ಗಿ ಕೂರುತ್ತದೆ. ಭಾರ ಇಳಿಸಿದರೆ ಎದ್ದು ನಿಲ್ಲುತ್ತದೆ. ಡಬ್ಬಿ ಅದೇ, ಟ್ರೇಲರು ಅದೇ, ನೆತ್ತಿ ಮಾತ್ರ ಮೇಲೆ. ಆರು ವರ್ಷದಿಂದ ದಿನವೂ ಕಣ್ಣೆದುರು ಕುಗ್ಗಿ ಏಳುವುದನ್ನು ನೋಡಿದ್ದಾಳೆ. ಆದರೆ ಎಷ್ಟು ಏಳುತ್ತದೆಂದು ಅಳೆದಿರಲಿಲ್ಲ. ಮರುದಿನ ಹೊಲಿಗೆ ಡಬ್ಬದಿಂದ ಅಳತೆ ಪಟ್ಟಿ ಕದ್ದು ಯಾರ್ಡಿಗೆ ಒಯ್ದಳು. ಗಂಡನ ಟ್ರೇಲರು ತುಂಬಿ ಬಂದಾಗ ನೆಲದಿಂದ ಅದರ ಕಬ್ಬಿಣದ ಅಂಚಿಗೆ ಅಳೆದಳು. ಸರಕು ಇಳಿಸಿ ಅದೇ ಡಬ್ಬಿಯ ಸಮೇತ ತನ್ನ ಕಡೆ ಬಂದಾಗ ಮತ್ತೆ ಅಳೆದಳು. ಒಂಬತ್ತು ಸೆಂಟಿಮೀಟರು ಮೇಲೆ. ತನ್ನ ಬೆರಳುಗಳನ್ನು ಜೋಡಿಸಿಟ್ಟು ನೋಡಿದಳು: ಐದು. ಇರುವ ಜಾಗ ಮೂರು, ಏಳುವುದು ಐದು.

ಅಳೆಯುತ್ತಿದ್ದುದನ್ನು ಡಬ್ಬಿ ಎತ್ತುವ ಕ್ರೇನಿನ ಮುದುಕ ಮೇಲಿನಿಂದಲೇ ನೋಡುತ್ತಿದ್ದ. ಯಾರ್ಡಿಗೆಲ್ಲ ಅವನು ಕ್ರೇನ್ ಮಾವ. ಇಳಿದು ಬಂದು, ಬಾಯಲ್ಲಿದ್ದುದನ್ನು ಉಗಿದು, "ಐದಾ?" ಎಂದ.

"ನಿಮಗೆ ಗೊತ್ತಿತ್ತಾ ಮಾವ?"

"ಮೂವತ್ತು ವರ್ಷ ಡಬ್ಬಿ ಎತ್ತಿದವನು ನಾನು. ಗೊತ್ತಿಲ್ದೆ ಏನು?"

"ಮತ್ತೆ ಪರೀಕ್ಷೆ ದಿನ ಅಲ್ಲೇ ಇದ್ರಲ್ಲ, ಹೇಳಬಾರದಿತ್ತಾ?"

"ಯಾರಾದ್ರೂ ಕೇಳಿದ್ರಾ?" ಮುದುಕ ನೊಂದವನಂತೆ ಮುಖ ಮಾಡಿದ. "ನಂಗಿನ್ನು ಎಂಟು ತಿಂಗಳು ಸರ್ವಿಸು ತಾಯಿ. ಈಗ್ಯಾಕೆ ಬೇಕು ನಂಗೆ ಊರ ಉಸಾಬರಿ? ನೀನೂ ಸುಮ್ನಿರು. ಹೆಣ್ಣುಮಗು ಇರೋಳು."

ಹೆಣ್ಣುಮಗು ಇರುವುದರಿಂದಲೇ ಸುಮ್ಮನಿರಲಾಗದು ಎಂದು ಈ ಮನುಷ್ಯನಿಗೆ ಹೇಳಿ ಉಪಯೋಗವಿರಲಿಲ್ಲ. ತಿಳಿಯದ ದಡ್ಡನನ್ನಾದರೂ ಕ್ಷಮಿಸಬಹುದು. ಎಲ್ಲ ತಿಳಿದೂ ಪಿಂಚಣಿಯ ಕಡೆಗೆ ಮುಖ ಮಾಡಿ ಕೂತ ಈ ಜಾಣನಿಗೆ ಬೆನ್ನು ತಿರುಗಿಸಿ ಅವಳು ಅಳತೆ ಪಟ್ಟಿ ಸುತ್ತಿಕೊಂಡಳು.

ಧೈರ್ಯ ಒಟ್ಟುಮಾಡಿಕೊಳ್ಳಲು ಎರಡು ದಿನ ಬೇಕಾಯಿತು. ಮೂರನೆಯ ದಿನ ನಕ್ಷೆ ಸಾಹೇಬರ ಕೋಣೆಗೆ ಹೋದಳು. ಮೇಜಿನ ಮೇಲೆ ಉದ್ಘಾಟನೆಯ ಆಮಂತ್ರಣಪತ್ರಗಳ ರಾಶಿ. ಸಾಹೇಬರು ತಮ್ಮ ಹೆಸರನ್ನು ಯಾವ ಗಾತ್ರದ ಅಕ್ಷರದಲ್ಲಿ ಅಚ್ಚು ಹಾಕಿದ್ದಾರೆಂದು ಸ್ಕೇಲು ಹಿಡಿದು ಅಳೆಯುತ್ತಿದ್ದರು. ಅಳತೆ ಬರದ ಮನುಷ್ಯನಲ್ಲ ಹಾಗಾದರೆ, ಎಂದುಕೊಂಡಳು.

"ಸಾರ್, ಖಾಲಿ ಡಬ್ಬಿ ವಿಷಯ ಮಾತಾಡಬೇಕಿತ್ತು."

"ಖಾಲಿ ಡಬ್ಬಿಯಲ್ಲಿ ಮಾತಾಡೋಕೆ ಏನಿದೆ?" ತಮ್ಮ ಹಾಸ್ಯಕ್ಕೆ ತಾವೇ ನಕ್ಕರು. "ಹೇಳಿ, ಬೇಗ."

ಅವಳು ಹೇಳಿದಳು. ಮೂರು, ಐದು, ಎರಡು. ಅವರು ಕಣ್ಣು ಮುಚ್ಚಿ ತಾಳ್ಮೆಯಿಂದ ಕೇಳಿದರು.

"ನೋಡಮ್ಮಾ, ಖಾಲಿ ಅಂದ್ರೆ ಹಗುರ, ಸರಿನಾ? ಹಗುರ ಆದ್ರೆ ಸೇತುವೆ ಮೇಲೆ ಭಾರ ಕಡಿಮೆ. ಅದು ಒಳ್ಳೇದೇ."

"ಸೇತುವೆ ಮೇಲೆ ರೈಲು ಸಾರ್. ಲಾರಿ ಹೋಗೋದು ಕೆಳಗೆ."

ಸಾಹೇಬರು ಒಂದು ಕ್ಷಣ ಗೋಡೆಯ ನಕ್ಷೆ ನೋಡಿದರು. ಅದರಲ್ಲಿ ರೈಲೂ ರಸ್ತೆಯೂ ಎರಡು ಗೆರೆ. ಒಂದರ ಮೇಲೊಂದು ಹಾದಿದ್ದವು, ಯಾವುದು ಮೇಲೆ ಯಾವುದು ಕೆಳಗೆ ಎಂದು ಗೆರೆ ಹೇಳುವುದಿಲ್ಲ. "ಅದೇ ನಾನು ಹೇಳಿದ್ದು," ಎಂದರು. "ಪರೀಕ್ಷೆ ಮುಗಿದು ವರದಿ ಮೇಲಕ್ಕೆ ಹೋಗಿದೆ. ನಿಮ್ಮ ಭಾವನೇ ಸಹಿ ಹಾಕಿದ್ದಾರೆ. ಮನೆ ಜಗಳ ಆಫೀಸಿಗೆ ತರಬೇಡಿ."

ಸಂಜೆ ಮನೆ ತಲುಪುವ ಹೊತ್ತಿಗೆ ಸುದ್ದಿ ಅವಳಿಗಿಂತ ಮೊದಲು ತಲುಪಿತ್ತು. ಭಾವ ಜಗಲಿಯಲ್ಲೇ ಕಾದಿದ್ದ. ಈ ಸಲ ಕಿವಿ ಮುಚ್ಚಿಕೊಳ್ಳಲಿಲ್ಲ, ನಗಲೂ ಇಲ್ಲ.

"ನನ್ನ ತಲೆ ಮೇಲೆ ಕಾಲಿಟ್ಟು ಸಾಹೇಬರ ಹತ್ರ ಹೋದೆಯಾ? ಈ ಮನೇಲಿ ನಿನಗೆ ಕೆಲಸ ಕೊಡಿಸಿದ್ದು ಯಾರು? ನಿನ್ನ ಗಂಡನಿಗೆ ಕೊಡಿಸಿದ್ದು ಯಾರು?"

"ಭಾವ, ಸುಮ್ನೆ ಒಂದು ಖಾಲಿ ಡಬ್ಬಿ ಕಳಿಸಿ ನೋಡಿ. ಅರ್ಧ ಗಂಟೆ ಕೆಲಸ. ನಾನು ಹೇಳಿದ್ದು ಸುಳ್ಳಾದ್ರೆ ಜೀವಮಾನ ಪೂರ್ತಿ ನಗಿ."

"ಸುಳ್ಳಾದ್ರೆ ನಗಬಹುದು. ನಿಜ ಆದ್ರೆ?" ಬಾಯಿ ಜಾರಿತೆಂದು ಭಾವನಿಗೇ ಅನ್ನಿಸಿರಬೇಕು. ದನಿ ಏರಿಸಿದ. "ಸಹಿ ಹಾಕಿದ್ದೀನಿ ಅಂತ ಗೊತ್ತಿಲ್ವಾ ನಿಂಗೆ? ಆರು ತಿಂಗಳಿಂದ ನಿದ್ದೆ ಬಿಟ್ಟಿದ್ದೀನಿ ಈ ರಸ್ತೆಗೆ!"

ಅವಳಿಗೆ ಆಗ ಅರ್ಥವಾಯಿತು. ಭಾವ ನಂಬದೆ ಇದ್ದಾನೆ ಎಂದು ಇಷ್ಟು ದಿನ ತಿಳಿದಿದ್ದಳು. ಅವನು ಅಳೆಯಲು ಹೆದರುತ್ತಿದ್ದ. ಅಳೆಯದಿದ್ದರೆ ಮೂರು ಬೆರಳು ಮೂರೇ ಬೆರಳಾಗಿರುತ್ತದೆ. ಇಂಥವನು ತನ್ನನ್ನು ಅಂಜುಬುರುಕಿ ಎಂದು ಮನೆತುಂಬ ಆಡಿಕೊಂಡಿದ್ದನಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಅತ್ತೆ ಒಳಗಿನಿಂದ, "ದೊಡ್ಡೋರಿಗೆ ಎದುರಾಡೋದು ಯಾವ ಸ್ಕೂಲಲ್ಲಿ ಕಲಿಸಿದ್ರೋ," ಎಂದು ಯಾರಿಗೂ ಅಲ್ಲದಂತೆ ಹೇಳಿದರು.

ಉಳಿದದ್ದು ಗಂಡ. ಉದ್ಘಾಟನೆಯ ಹಿಂದಿನ ದಿನ ಸಂಜೆ ಅವನು ಕನ್ನಡಿಯ ಮುಂದೆ ಹೊಸ ಜಾಕೆಟ್ ಹಾಕಿ ನೋಡುತ್ತಿದ್ದ. ಕಿತ್ತಳೆ ಬಣ್ಣ, ಬೆನ್ನ ಮೇಲೆ ನೀಲಿ ಬಾಣ. ಬೆಳಿಗ್ಗೆ ಬಂದರಿನಿಂದ ಹತ್ತು ಟ್ರೇಲರುಗಳು ತುಂಬಿದ ಎತ್ತರದ ಡಬ್ಬಿ ಹೊತ್ತು ಬರುವುದು, ಮಧ್ಯಾಹ್ನ ಅದೇ ಹತ್ತು ಖಾಲಿ ಡಬ್ಬಿಯೊಂದಿಗೆ ವಾಪಸು ಹೊರಡುವುದು. ಎರಡಕ್ಕೂ ಮುಂದಾಳು ಅವನೇ.

"ರೀ, ವಾಪಸ್ ಹೋಗೋವಾಗ ಹಳೇ ದಾರಿ ಹಿಡೀರಿ."

"ಒಂಬತ್ತು ಗಾಡಿ ಹಿಂದೆ ಬರುತ್ತೆ ಕಣೇ. ಮೆರವಣಿಗೆ ಬಿಟ್ಟು ನಾನೊಬ್ಬ ಓಡಿಹೋಗ್ಲಾ?"

"ಹಾಗಾದ್ರೆ ಸೇತುವೆ ಹತ್ರ ನಿಲ್ಲಿಸಿ, ಇಳಿದು ನೋಡಿ ಹೋಗಿ."

"ಆ ಕಡೆ ಕ್ಯಾಮೆರಾ ಇಟ್ಕೊಂಡು ನಿಂತಿರ್ತಾರೆ. ಐವತ್ತರ ಮೇಲೆ ಒಂದೇ ಓಟದಲ್ಲಿ ಬರಬೇಕು ಅಂತ ಆರ್ಡರ್." ಅವನು ತಿರುಗಿ ಬೆನ್ನಿನ ಬಾಣ ನೋಡಿಕೊಂಡ. "ಖಾಲಿ ಗಾಡಿ ಸ್ವಲ್ಪ ಎದ್ದಿರುತ್ತೆ, ಇಲ್ಲ ಅನ್ನಲ್ಲ. ಒಂದು ಬೆರಳು ಇರಬಹುದು. ಫಲಕದಲ್ಲಿ ನಾಲ್ಕೂವರೆ ಅಂತ ಬರೆದಿದೆಯಲ್ಲ, ಸರ್ಕಾರ ಸುಳ್ಳು ಬರೆಯುತ್ತಾ?"

"ನಾನು ಪಟ್ಟಿ ಹಿಡಿದು ಅಳೆದಿದ್ದೀನಿ ರೀ! ನಿಮ್ಮ ಗಾಡಿನೇ!"

"ಅವತ್ತು ಗುಂಡಿನೂ ನೀನು ಕಣ್ಣಾರೆ ನೋಡಿದ್ದೆ, ಮಗು ನುಂಗಿದ್ದನ್ನ." ಅವನು ಮೆಲ್ಲಗೆ ನಕ್ಕು ಅವಳ ಕೆನ್ನೆ ಚಿವುಟಿದ. "ಎಲ್ಲದಕ್ಕೂ ಹೆದರಬೇಡ್ವೇ. ನಿನ್ನ ನೋಡಿ ಮಗುನೂ ಅಳುಬುರುಕಿ ಆಗ್ತಿದೆ."

ಮಗು ಅಪ್ಪನ ಜಾಕೆಟಿನ ತೋಳು ಹಿಡಿದು ನೇತಾಡುತ್ತ ಕೇಕೆ ಹಾಕಿ ನಗುತ್ತಿತ್ತು. ಅಳುಬುರುಕಿಯಾಗಿ ಅದು ಯಾವ ಕೋನದಿಂದಲೂ ಕಾಣುತ್ತಿರಲಿಲ್ಲ.

ಉದ್ಘಾಟನೆಯ ದಿನ ಹನ್ನೊಂದಕ್ಕೆ ತುಂಬಿದ ಹತ್ತು ಡಬ್ಬಿಗಳು ಸೇತುವೆಯ ಕೆಳಗೆ ಸಲೀಸಾಗಿ ಹಾದು ಯಾರ್ಡಿಗೆ ಬಂದವು. ಶಾಮಿಯಾನದಲ್ಲಿ ಚಪ್ಪಾಳೆಯೋ ಚಪ್ಪಾಳೆ. ನಕ್ಷೆ ಸಾಹೇಬರು ಎದ್ದು, ಸಮುದ್ರವನ್ನೇ ಒಳನಾಡಿನ ಹೊಸ್ತಿಲಿಗೆ ತಂದಿದ್ದೇವೆ ಎಂದರು. ಎಲ್ಲಿ ತಂದಿರಿ ಎಂದು ಯಾರೂ ಸುತ್ತ ತಿರುಗಿ ನೋಡಲಿಲ್ಲ. ಭಾವ ಹೊಸ ಕೋಟಿನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದವನು ಇವಳ ತಗಡಿನ ಕೋಣೆಯ ಮುಂದೆ ಬೇಕೆಂದೇ ನಿಂತ.

"ಎಲ್ಲಿ ಹೋಯ್ತಮ್ಮಾ ನಿನ್ನ ಎರಡು ಬೆರಳು? ತೋರಿಸು, ನೋಡೋಣ."

"ಅವು ತುಂಬಿದವು ಭಾವ."

"ಹುಟ್ಟುಗುಣ!" ಎಂದು ಕೈ ಝಾಡಿಸಿ ಹೋದ.

ಡಬ್ಬಿಗಳನ್ನು ಅವಸರದಲ್ಲಿ ಬರಿದು ಮಾಡಿದರು. ಎರಡೂವರೆಗೆ ಹತ್ತು ಟ್ರೇಲರುಗಳು ಇವಳ ಕಡೆಯ ಗೇಟಿನಲ್ಲಿ ಸಾಲುಗಟ್ಟಿದವು. ಖಾಲಿ ಡಬ್ಬಿ ಗೇಟು ದಾಟಬೇಕಾದರೆ ಇವಳ ಸಹಿ ಬೇಕು. ಯಾರ್ಡಿನಲ್ಲಿ ಇವಳಿಗಿದ್ದ ಒಂದೇ ಒಂದು ಅಧಿಕಾರ ಅದು. ಗಂಡನ ಟ್ರೇಲರಿನ ಡಬ್ಬಿಯೊಳಗೆ ಹೋಗಿ ಬಾಗಿಲು ಹಾಕಿಸಿಕೊಂಡಳು. ಕತ್ತಲು. ಎಲ್ಲೂ ಒಂದು ತೂತಿಲ್ಲ. ಆರು ವರ್ಷದಲ್ಲಿ ಮೊದಲ ಸಲ ತೂತೊಂದು ಕಾಣಲೆಂದು ಆಸೆಪಟ್ಟಳು. ದರಿದ್ರ ಡಬ್ಬಿ ಹೊಚ್ಚಹೊಸದು. ಹೊರಬಂದು, "ಪಾಸಾಗಲ್ಲ. ನೆಲದ ಹಲಗೆ ಎದ್ದಿದೆ," ಎಂದಳು. ಸುಳ್ಳು ಹೇಳಿ ರೂಢಿಯಿಲ್ಲದ್ದಕ್ಕೆ ಕಿವಿ ಕೆಂಪಾಯಿತು.

ಭಾವ ಒಳಗೆ ಹೋಗಿ ಕುಣಿದಂತೆ ನಾಲ್ಕು ಸಲ ಹಲಗೆ ತುಳಿದು ಬಂದ. ಅವಳ ಕೈಯಿಂದ ಪುಸ್ತಕ ಕಿತ್ತುಕೊಂಡು, ಹತ್ತೂ ಡಬ್ಬಿಗಳ ಎದುರು ತಾನೇ ಸಹಿ ಗೀಚಿದ. ಪುಸ್ತಕವನ್ನು ಕಾಲಬುಡಕ್ಕೆ ಎಸೆದು, ಮುಂದಿನ ಟ್ರೇಲರಿನ ಬಾಗಿಲು ತೆಗೆದು ತಮ್ಮನ ಪಕ್ಕ ಹತ್ತಿ ಕೂತ.

"ನಾನೂ ಬರ್ತೀನಿ ನಡಿ. ಕ್ಯಾಮೆರಾದಲ್ಲಿ ಇಬ್ರೂ ಕಾಣ್ಲಿ. ಸೈರನ್ನು ಇಲ್ಲೇ ಕೂತು ಕೂಗ್ಕೊಳ್ಳಲಿ."

ಗಂಡ ಕಿಟಕಿಯಿಂದ ಅವಳನ್ನು ನೋಡಿದ. ಒಂದು ಗಳಿಗೆ ಏನೋ ಕೇಳುವವನಂತೆ ಕಂಡ. ಆಮೇಲೆ ಅಭ್ಯಾಸಬಲದಿಂದ ಕ್ಯಾಬಿನ್ನಿನ ಚಾವಣಿ ನೋಡಿದ. ಟ್ರೇಲರು ಮುಂದಿನ ಶಾಮಿಯಾನದ ಕಡೆ ಉರುಳಿತು. ಅಲ್ಲಿ ಅತಿಥಿಯೊಬ್ಬರು ಭಾಷಣ ಮುಗಿಸಿ ಬಾವುಟ ಬೀಸುವುದು, ಆಮೇಲೆ ಆರು ಕಿಲೋಮೀಟರು ದೂರದ ಸೇತುವೆಗೆ ಓಟ.

ಇಬ್ಬರು ಅಣ್ಣತಮ್ಮಂದಿರು ಒಂದೇ ಕ್ಯಾಬಿನ್ನಿನಲ್ಲಿ. ಐವತ್ತರ ವೇಗದಲ್ಲಿ ಡಬ್ಬಿಯ ಹಣೆ ತೊಲೆಗೆ ಬಡಿದರೆ ಡಬ್ಬಿ ಹಿಂದೆಯೇ ನಿಲ್ಲುತ್ತದೆ, ಕ್ಯಾಬಿನ್ನು ಏನಾಗುತ್ತದೋ, ಹಿಂದಿನ ಒಂಬತ್ತು ಗಾಡಿ ಎಲ್ಲಿ ನಿಲ್ಲುತ್ತವೋ. ಸೇತುವೆಯ ಮೇಲೆ ಮೂರು ಇಪ್ಪತ್ತರ ಪ್ಯಾಸೆಂಜರು ರೈಲು. ಗಂಡನಿಗೆ ಫೋನು ಮಾಡಿದಳು. ಸ್ವಿಚ್ ಆಫ್, ಸಮಾರಂಭ ಮುಗಿಯುವ ತನಕ ಡ್ರೈವರುಗಳ ಫೋನು ಬಂದ್ ಎಂದು ಭಾವನೇ ನೋಟೀಸು ಹಚ್ಚಿದ್ದ. ಭಾವನಿಗೆ ಮಾಡಿದಳು. ಎರಡು ಸಲ ರಿಂಗಾಗಿ, ಯಾರೋ ಕತ್ತರಿಸಿದಂತೆ ನಿಂತಿತು.

ಕ್ರೇನಿನ ಮುದುಕ ಮೇಲಿನಿಂದ ನೋಡುತ್ತಲೇ ಇದ್ದ. "ಮಾವ, ಕ್ರೇನು ತಂದು ಮುಂದಿನ ಗೇಟಿಗೆ ಅಡ್ಡ ನಿಲ್ಲಿಸಿ!" ಎಂದು ಕೂಗಿದಳು. ಮುದುಕ ಕಿವಿಯ ಹಿಂದೆ ಕೈಯಿಟ್ಟು, ಕೇಳಿಸಲಿಲ್ಲವೆಂದು ಸನ್ನೆ ಮಾಡಿದ. ಮೂವತ್ತು ವರ್ಷದಲ್ಲಿ ಅವನ ಕಿವಿಗೆ ಏನೂ ಆಗಿರಲಿಲ್ಲ.

ಯಾರ್ಡಿನ ಹಿಂಭಾಗದಲ್ಲಿ ಗೂಡ್ಸು ರೈಲಿನ ಹಳಿ ಬಂದು ಮುಗಿಯುವಲ್ಲಿ ಒಂದು ಪುಟ್ಟ ಕೋಣೆ ಇತ್ತು. ಒಳಗೋಡೆಗೆ ಅಂಟಿಸಿದ ಹಳದಿ ಕಾಗದದಲ್ಲಿ ರೈಲ್ವೆ ಕಂಟ್ರೋಲ್ ರೂಮಿನ ನಂಬರು. ಅವಳು ಅಲ್ಲಿಗೆ ಓಡಿದಳು. ಈ ಎಂಟು ದಿನದಲ್ಲಿ ಮೂರು ಸಲ ಆ ಕಾಗದದ ಮುಂದೆ ನಿಂತು ವಾಪಸು ಹೋಗಿದ್ದಳು. ಇಲ್ಲಿಂದ ಒಂದು ಫೋನು ಹೋದರೆ ಭಾವನ ಸಹಿ ಬಯಲಾಗುತ್ತದೆ, ಭಾವ ಹೋದರೆ ಗಂಡನ ಕೆಲಸ ಹೋಗುತ್ತದೆ, ತನ್ನದೂ ಹೋಗುತ್ತದೆ, ಆ ಮನೆಯಲ್ಲಿ ಕೂತು ಉಣ್ಣುವ ಅನ್ನವೂ ಗಂಟಲಲ್ಲಿ ಇಳಿಯದು. ಇಷ್ಟೆಲ್ಲ ಆದಮೇಲೆ ಅಳತೆ ತಪ್ಪಾಗಿದ್ದರೆ? ಪಟ್ಟಿ ಹಳೆಯದು, ಹಿಗ್ಗಿರಬಹುದು. ಬಗ್ಗಿ ಅಳೆಯುವಾಗ ಕಣ್ಣು ಮೋಸಮಾಡಿರಬಹುದು. ರೈಲು ನಿಲ್ಲಿಸಿದ ಗುಂಡಿ ಎಂದು ಮೂರು ತಲೆಮಾರು ಆಡಿಕೊಳ್ಳುತ್ತದೆ. ಪ್ರತಿ ಸಲವೂ ಇಲ್ಲಿಗೆ ಬಂದು ನಿಂತು, ತಾನೂ ಕ್ರೇನಿನ ಮುದುಕನಿಗಿಂತ ಮೇಲಿನವಳೇನಲ್ಲ ಎಂದು ತನ್ನನ್ನೇ ಹೀನಾಯವಾಗಿ ಬೈದುಕೊಂಡು ಹೋಗಿದ್ದಳು.

ಶಾಮಿಯಾನದ ಧ್ವನಿವರ್ಧಕ ಇಲ್ಲಿಗೂ ಕೇಳುತ್ತಿತ್ತು. ಅತಿಥಿಗಳು ತಮ್ಮ ಬಾಲ್ಯದಲ್ಲಿ ಸಮುದ್ರವನ್ನು ಮೊದಲ ಬಾರಿ ಕಂಡದ್ದನ್ನು ನೆನೆಯುತ್ತಿದ್ದರು. ಭಾಷಣವೊಂದು ಉದ್ದವಾಗಲಿ ಎಂದು ಅವಳು ಜನ್ಮದಲ್ಲಿ ಮೊದಲ ಸಲ ಹರಸಿದಳು. ನಂಬರು ಒತ್ತಿದಳು. ಅವಸರದಲ್ಲಿ ಒಂದು ಅಂಕಿ ತಪ್ಪಾಯಿತು. ಮತ್ತೆ ಒತ್ತಿದಳು. ಅಲ್ಲಿ ಫೋನು ಹೊಡೆದುಕೊಳ್ಳುತ್ತಿದ್ದಂತೆ ಇಲ್ಲಿ ಸಮುದ್ರ ಮುಗಿದು ಚಪ್ಪಾಳೆ ಬಿತ್ತು, ಹತ್ತು ಇಂಜಿನುಗಳು ಒಟ್ಟಿಗೆ ಗುಡುಗಿದವು.

"ಹಲೋ. ಕಂಟ್ರೋಲ್." ನಿದ್ದೆಗಣ್ಣಿನ ಗಂಡು ದನಿ.

"ಸಾರ್, ಹೊಸ ಕೂಡುರಸ್ತೆ, ಅಲ್ಲಿ ರೈಲು ಸೇತುವೆ ಇದೆಯಲ್ಲ, ಅದರ ಕೆಳಗೆ ಹತ್ತು ಟ್ರೇಲರು ಹೊರಟಿವೆ. ಎತ್ತರದ ಡಬ್ಬಿ. ತಾಗತ್ತೆ ಸಾರ್. ತೊಲೆಗೆ ಹೊಡೆಯತ್ತೆ. ಆರೇ ಕಿಲೋಮೀಟರು, ಈಗ ಹೊರಟವು."

"ತಾಳಿ ತಾಳಿ. ಬೆಳಿಗ್ಗೆ ಅದೇ ಗಾಡಿಗಳು ಹಾದುಹೋದವಲ್ಲ? ನಮಗೂ ಮೆಸೇಜು ಬಂದಿದೆ, ಎಲ್ಲ ಸರಿ ಅಂತ."

ಇವನೂ ಅಷ್ಟೇ. ಇನ್ನು ನಗುತ್ತಾನೆ, ಮನೆಯಲ್ಲಿ ಗಂಡಸರು ಯಾರಾದರೂ ಇದ್ದರೆ ಫೋನು ಕೊಡಿ ಎನ್ನುತ್ತಾನೆ, ಎಂದು ಅವಳು ಹಲ್ಲು ಕಚ್ಚಿದಳು. ಫೋನು ಇಡಲಿಲ್ಲ ಮಾತ್ರ.

"ಹೌದು ಸಾರ್, ಅದೇ ಗಾಡಿ, ಅದೇ ಡಬ್ಬಿ. ನಾನು ಅಳೆದಿದ್ದೀನಿ."

ಆ ಕಡೆ ಕುರ್ಚಿ ಕಿರುಗುಟ್ಟಿತು.

"ಅಮ್ಮಾ, ಒಂದು ಹೇಳಿ. ಈಗ ಹೋಗ್ತಿರೋದು ತುಂಬಿದ್ದೋ, ಖಾಲಿಯೋ?"

ಎಂಟು ದಿನದಲ್ಲಿ ಒಬ್ಬನಾದರೂ ಇದನ್ನು ಕೇಳಿರಲಿಲ್ಲ.

"ಖಾಲಿ," ಎಂದಳು. "ಹತ್ತೂ ಖಾಲಿ."

"ಅಯ್ಯೋ ಇವರ ಮನೆ ಹಾಳಾಗ!" ಕುರ್ಚಿ ಉರುಳಿದ ಸದ್ದಾಯಿತು. ಆ ದನಿ ಈಗ ಅವಳಿಗಲ್ಲ, ಇನ್ಯಾರಿಗೋ ಕೂಗುತ್ತಿತ್ತು: ಪ್ಯಾಸೆಂಜರನ್ನು ಹಿಂದಿನ ಸ್ಟೇಷನ್ನಿನಲ್ಲೇ ಹಿಡಿ, ಸೇತುವೆ ಹತ್ತಿರದ ಗ್ಯಾಂಗ್‌ಮನ್ನಿಗೆ ಹೇಳು, ಕೆಂಪು ಬಾವುಟ ಹಿಡಿದು ಕೆಳಗೆ ರಸ್ತೆಗೆ ಇಳೀಲಿ, ಓಡು ಅನ್ನು, ಕ್ಯಾಮೆರಾದವರು ಅಡ್ಡ ಬಂದರೆ ತಳ್ಳಿ ಹೋಗು ಅನ್ನು. ಆಮೇಲೆ ಫೋನಿಗೆ ಮರಳಿ, ಏದುಸಿರಿನಲ್ಲಿ, "ಇಡಬೇಡಿ ತಾಯಿ, ಲೈನಲ್ಲೇ ಇರಿ. ಮುಂದಿನ ಗಾಡಿ ಯಾವ ಬಣ್ಣ? ಡ್ರೈವರು ಯಾರು?"

"ಕೆಂಪು ಗಾಡಿ," ಎಂದಳು ಅವಳು. "ಡ್ರೈವರು ನಮ್ಮ ಮನೆಯವರು."

ಆ ಕಡೆಯವನು ಇನ್ನೊಂದು ಫೋನು ಎತ್ತಿ, ಕೆಂಪು ಗಾಡಿ, ಕೆಂಪು ಗಾಡಿ ಎಂದು ಕೂಗುವುದನ್ನು ಅವಳು ಕಿವಿಗೊತ್ತಿಕೊಂಡು ಕೇಳುತ್ತ ನಿಂತಳು.